ಹಗೇವು ಯಾರದು?

ಅತ್ತೆಯ ತವರು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆ. ಸೊಸೆಯ ತವರು ಜೇವರ್ಗಿ ಕಡೆ, ಕಾಲುವೆ ನೀರು ಹರಿಯುವ ಊರು. ಇಬ್ಬರೂ ಬಂದು ಸೇರಿದ್ದು ಆಳಂದ ತಾಲ್ಲೂಕಿನ ಒಂದು ಎರೆ ಊರಿಗೆ. ಸೊಸೆ ಊರ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಏಳನೇ ತರಗತಿಯ ಮಕ್ಕಳಿಗೆ ಈ ಮೂರು ತಾಲ್ಲೂಕುಗಳ ಭೂಗೋಳ, ಇತಿಹಾಸ ಹೇಳುವ ನಾಲ್ಕಾರು ಪುಟ ಬರೆದುಕೊಡಬೇಕಾಗಿದೆ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಳ್ಳ ಅಮಾವಾಸ್ಯೆ ಹತ್ತಿರ ಬಂದಿದೆ, ಇಬ್ಬರ ನಡುವೆ ಹಸಿ ತೊಗರಿಕಾಯಿಯ ರಾಶಿ.

ಸೊಸೆ: ಮಳಖೇಡದಿಂದ ಸುರು ಮಾಡೀನ್ರಿ ಅತ್ತಿ. ರಾಷ್ಟ್ರಕೂಟರ ರಾಜಧಾನಿ. ಅಲ್ಲಿಂದ ಕಲ್ಯಾಣದ ಚಾಲುಕ್ಯರು. 1347ಕ್ಕ ಕಲಬುರಗ್ಯಾಗ ಬಹಮನಿ ಸುಲ್ತಾನರು. ಆಮ್ಯಾಲ ವಿಜಯಪುರದ ಆದಿಲಶಾಹಿ, ಔರಂಗಜೇಬ, ನಿಜಾಮ. ಒಂದು ಪುಟ ತುಂಬೇಬಿಡ್ತು.

ಅತ್ತೆ: ಮಳಖೇಡ ಸೇಡಂ ತಾಲ್ಲೂಕಿನ್ಯಾಗ ಅದ. ಕಲ್ಯಾಣ ಬೀದರ ಜಿಲ್ಲಾದಾಗ ಅದ. ನಮ್ಮ ಮೂರು ತಾಲ್ಲೂಕು ಎಲ್ಲಿ ಬಂದ್ವು?

ಸೊಸೆ: ಬಂದಾವಲ್ರಿ. ಚಾಲುಕ್ಯರ ಶಾಸನದಾಗ ಆಳಂದೆ ಸಾಸಿರ ಅಂತ ಒಂದು ನಾಡೇ ಇತ್ತು. ಭೀಮಾ ದಂಡಿಗಿ ಫಿರೋಜಶಾ ಬಹಮನಿ 1400ರ ಸುಮಾರಿಗಿ ಫಿರೋಜಾಬಾದ ಕಟ್ಟಿಸ್ದ. ಕೋಟಿ ಗೋಡಿ ಇವತ್ತೂ ನಿಂತಾವ.

ಅತ್ತೆ: ನೋಡೀನಿ. ಅದರೊಳಗ ಈಗ ಬಿತ್ತತಾರ. ಕಟ್ಟಿಸಿದಾಗ ಕೂಲಿ ಏನ್ ಕೊಟ್ಟಿದ್ದಾನು? ರೊಕ್ಕ ಕೊಟ್ಟಾನೋ, ಜ್ವಾಳ ಕೊಟ್ಟಾನೋ?

ಸೊಸೆ: ಅದು ಪುಸ್ತಕದಾಗ ಇಲ್ರಿ. ಆದ್ರ ಒಂದು ಅದ. ಅದೇ ಕಾಲಕ್ಕ, 1396ರಿಂದ, ದುರ್ಗಾದೇವಿ ಬರ ಅಂತ ವರ್ಷಾನುಗಟ್ಲೆ ಬಿದ್ದಿತ್ತು. ದಖ್ಖನ್ನಿನ ಊರೂರೇ ಹಾಳು ಬಿದ್ವು ಅಂತಾರ.

ಅತ್ತೆ: ಅಂದ್ರ ಅತ್ಲಾಗ ಬರ, ಇತ್ಲಾಗ ಕೋಟಿ. ಹಾಂಗಾದ್ರ ಜ್ವಾಳನೇ ಕೊಟ್ಟಾನ ತಗೊ. ಬರದಾಗ ರೊಕ್ಕಕ್ಕ ಯಾರ್ ಕಲ್ಲು ಹೊರ್ತಾರ? ಯಾರ್ದೋ ಹಗೇವಿನ್ಯಾಗಿಂದು ತೆಗಸಿ ಕೊಟ್ಟಾನ. ಆ ಹಗೇವು ಯಾರದಿತ್ತು ಅಂತ ಬರದ್ರ ಅದು ನಮ್ಮ ಇತಿಹಾಸ.

(ಬಹಮನಿ ಸುಲ್ತಾನ ಕೂಲಿಯನ್ನು ಕಾಳಿನಲ್ಲಿ ಕೊಟ್ಟನೆಂದು ನಾನು ಎಲ್ಲೂ ಓದಿಲ್ಲ. ಅತ್ತೆಯ ಪ್ರಶ್ನೆ ಮಾತ್ರ ನನಗೆ ಸರಿ ಕಂಡಿದೆ. ಈ ಸೀಮೆಯ ಬಗ್ಗೆ ಬರೆಯುವವರು ಯಾರು ಆಳಿದರು ಎಂಬುದನ್ನು ಚೆನ್ನಾಗಿ ಬರೆದಿದ್ದಾರೆ. ಕಾಳನ್ನೂ ನೀರನ್ನೂ ಯಾರು ಎಲ್ಲಿ ಕೂಡಿಟ್ಟಿದ್ದರು ಎಂಬುದರ ಗೊಡವೆಗೆ ಹೋದವರು ಕಡಿಮೆ.)

ಸೊಸೆ: ಹಗೇವಿನ ಮಾತು ಆಮ್ಯಾಲ ಬರ್ಲಿ. ಮೊದಲ ಭೂಗೋಳ. ನಮ್ಮದು ದಖ್ಖನ್ನಿನ ಲಾವಾ ಕಲ್ಲಿನ ನೆಲ. ಸುಮಾರು ಆರೂವರೆ ಕೋಟಿ ವರ್ಷದ ಹಿಂದ ಬೆಂಕಿ ನದಿ ಹರಿದಂಗ ಹರಿದು, ಆರಿ, ಕಲ್ಲಾಗಿ, ಸವದು ಸವದು ಈ ಎರಿ ಮಣ್ಣಾಗ್ಯದ. ಆಳಂದ, ಅಫಜಲಪುರ ಎಲ್ಲಾ ಅದೇ. ನಮ್ಮ ಜೇವರ್ಗಿ ಕಡಿ ಹೋದ್ರ ಕೆಲವು ಕಡಿ ತಳದಾಗ ಸುಣ್ಣದ ಕಲ್ಲು ಸಿಗ್ತದ. ಶಹಾಬಾದ ಫರ್ಸಿ ಅಂತೀವಲ್ಲ, ಆ ಜಾತಿ. ಅದು ಲಾವಾಕ್ಕಿಂತ ಭಾಳ ಹಳೇದು. ಮಳಿ ವರ್ಷಕ್ಕ 700-750 ಮಿಲಿಮೀಟರ್ ಆಸುಪಾಸು.

ಅತ್ತೆ: ಮಳಿ ಎಷ್ಟು ಅಂತ ಮಕ್ಕಳಿಗಿ ಹೇಳಿ ಏನು ಬಂತು? ಎಷ್ಟು ನಿಲ್ತದ ಅಂತ ಹೇಳು. ಮರಡಿ ಹೊಲದಾಗ ಸುರದದ್ದು ಸಂಜಿಗಿ ಹಳ್ಳದಾಗ ಇರ್ತದ. ಎರಿ ಹೊಲ ಹಾಂಗಲ್ಲ. ಭಾದ್ರಪದದಾಗ ಕುಡದ ನೀರು ಶಿವರಾತ್ರಿ ತನಕ ಹಿಡದಿರ್ತದ. ಹಿಂಗಾರಿ ಜ್ವಾಳ ಉತ್ತರಿ ಮಳಿಗಿ ಬಿತ್ತತೀವಿ. ಆಮ್ಯಾಲ ಒಂದು ಹನಿ ಬೀಳಲಿಲ್ಲ ಅಂದ್ರೂ ಇಬ್ಬನಿ ಮ್ಯಾಲೆ, ತಳದ ಹಸಿ ಮ್ಯಾಲೆ ತೆನಿ ಹಿಡಿತದ.

ಸೊಸೆ: ನಮ್ಮ ತವರಿನ್ಯಾಗ ಕಾಲುವೆ ಬಂದ ಮ್ಯಾಲ ಹಿಂಗ ಯಾರೂ ಹೇಳೋದಿಲ್ರಿ. ನೀರು ಬಿಟ್ರು, ನೀರು ಬಿಡಲಿಲ್ಲ, ಅಷ್ಟೇ ಮಾತು.

ಅತ್ತೆ: ಅದಕ್ಕೇ ಹೇಳ್ತೀನಿ ಕೇಳು. ಥಂಡಿ ದಿನದಾಗ ಎರಿ ಬಿರೀತದ. ಮೊದಲ ಕೂದಲೆಳಿ ಅಷ್ಟು, ಆಮ್ಯಾಲ ಬೆರಳು ಹೋಗೋವಷ್ಟು, ಬಿಟ್ರ ಕೈ ಹೋಗೋವಷ್ಟು. ಆ ಬಿರುಕಿನ್ಯಾಗಿಂದ ತಳದ ಹಸಿ ಎಲ್ಲಾ ಗಾಳಿಗಿ ಹೋಗ್ತದ, ಬ್ಯಾರನೂ ಹರೀತದ. ಅದಕ್ಕ ಬಿರುಕು ಸಣ್ಣದಿದ್ದಾಗನೇ ಎಡಿ ಹೊಡಿಬೇಕು. ಜ್ವಾಳದ ಸಾಲಿನ ನಡುವ ಎಡಿಕುಂಟಿ ಹಾಯ್ದ್ರ ಮ್ಯಾಲಿನ ಮಣ್ಣು ಪುಡಿ ಆಗಿ ಬಿರುಕಿನ್ಯಾಗ ಬೀಳ್ತದ. ಒಂದು ಸಲ ಹೊಡದ್ರ ಒಂದು ಮಳಿ ಬಂದಂಗ ಅಂತಿದ್ದ ನಮ್ಮಪ್ಪ. ಯಾವತ್ತು ಹೊಡೀಬೇಕು ಅಂತ ಗೊತ್ತಾಗಬೇಕಾದ್ರ ಹೊಲಕ್ಕ ದಿನಾ ಹೋಗಬೇಕು. ಇದನ್ನ ಭೂಗೋಳದಾಗ ಬರಿ.

ಸೊಸೆ: ಬರ್ದೆ. ಮಾಲದಂಡಿ ಜ್ವಾಳನೂ ಬರೀತೀನಿ. ಅದನ್ನ ಸೊಲ್ಲಾಪುರ ಜಿಲ್ಲಾದ ಮೋಹೋಳದಾಗ ಆರಿಸಿ ತಗದದ್ದು, ಸ್ವಾತಂತ್ರ್ಯಕ್ಕೂ ಮೊದಲ. ಗಡಿ ಆಚಿಂದ ಬಂದ ಬೀಜ.

ಅತ್ತೆ: ಯಾವ ಗಡಿ? ಅಕ್ಕಲಕೋಟ, ದುಧನಿ ನಮಗ ಯಾವಾಗ ಆಚಿ ಆದ್ವು? ನನ್ನ ಅಕ್ಕನ್ನ ಅಲ್ಲೇ ಕೊಟ್ಟದ್ದು. ಅಲ್ಲಿ ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ. ಎರಿ ಮಣ್ಣು ಅದೇ, ರೊಟ್ಟಿ ಅದೇ.

ಸೊಸೆ: ಮಹಾಜನ ಆಯೋಗ 1967ಕ್ಕ ಅಕ್ಕಲಕೋಟ ನಮ್ಮ ರಾಜ್ಯಕ್ಕ ಬರಬೇಕು ಅಂತನೇ ಹೇಳಿತ್ತು. ಬರಲಿಲ್ಲ.

ಅತ್ತೆ: ಬರದಿದ್ರೂ ಸಂತಿಗಿ ಬರ್ತಾರ ಬಿಡು.

ಸೊಸೆ: ಈಗ ಹಗೇವು. ನಾ ಹುಟ್ಟೋದ್ರೊಳಗ ನಮ್ಮೂರಾಗ ಎಲ್ಲಾ ಮುಚ್ಚಿದ್ರು. ನಾ ನೋಡೇ ಇಲ್ಲ.

ಅತ್ತೆ: ನೆಲದಾಗ ಬಾವಿ ಹಾಂಗ ತೋಡಿರ್ತಿದ್ರು, ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ಒಬ್ಬ ಮನಷ್ಯಾ ಇಳಿಯೋವಷ್ಟೇ ಬಾಯಿ. ನೆಲ ಗಟ್ಟಿ ಇದ್ದಲ್ಲೇ ತೋಡಬೇಕು, ಹಳ್ಳದ ಸನೇಕ ತೋಡಿದ್ರ ಹಸಿ ಏರ್ತದ. ಒಳಗ ಸುತ್ತೂ ಕಣಿಕಿ, ಹುಲ್ಲು ಹೊಂದಿಸಿ, ಜ್ವಾಳ ಸುರದು, ಮ್ಯಾಲ ಮತ್ತ ಹುಲ್ಲು, ಫರ್ಸಿ, ಅದರ ಮ್ಯಾಲ ಮಣ್ಣು ಗುಡ್ಡಿ ಹಾಕ್ತಿದ್ರು. ಮ್ಯಾಲ ದನ ಅಡ್ಡಾಡಿದ್ರೂ ತಿಳೀತಿರಲಿಲ್ಲ. ಪೆಂಡಾರಿಗಳು, ದರೋಡಿಕೋರರು ಬರ್ತಿದ್ದ ಕಾಲದಾಗ ಅದೇ ಉಳಿಸ್ತಂತ. ಊರ ನಡುವ ಹುಡೇದ ಮ್ಯಾಲ ನಿಂತು ಧೂಳು ಏಳೋದು ನೋಡ್ತಿದ್ರು, ಅಗಸಿ ಬಾಗಿಲ ಹಾಕ್ತಿದ್ರು. ಬಂದವ ಮನಿ ಹುಡುಕ್ತಿದ್ದ, ನೆಲ ಹುಡುಕ್ತಿರಲಿಲ್ಲ.

ಸೊಸೆ: ಎಷ್ಟು ವರ್ಷ ಇರ್ತಿತ್ತು ಜ್ವಾಳ?

ಅತ್ತೆ: ಒಂದು ಬರ ಬರೋ ತನಕ. ನಗಬ್ಯಾಡ, ಖರೇ ಹೇಳ್ತೀನಿ. ಹತ್ತ್ ವರ್ಷ ಇಟ್ಟದ್ದೂ ಇತ್ತು. ತೆಗೆಯೋದೇ ಕಷ್ಟ. ಫರ್ಸಿ ಸರಿಸಿದ ಕೂಡಲೆ ಇಳಿಯಂಗಿಲ್ಲ, ಒಳಗ ಉಸಿರು ಕಟ್ತದ. ಒಂದೊಪ್ಪತ್ತು ಬಿಟ್ಟು, ಹಗ್ಗಕ್ಕ ಕಂದೀಲು ಕಟ್ಟಿ ಬಿಡ್ತಿದ್ರು. ದೀಪ ಆರಿದ್ರ ಇನ್ನೂ ಕಾಯಬೇಕು. ಆರದಿದ್ರ ಇಳೀಬೇಕು. ಯಾರು ಇಳೀಬೇಕು?

ಸೊಸೆ: ಗೌಡ ಇಳಿತಿದ್ದಿಲ್ಲ.

ಅತ್ತೆ: ಗೌಡ ಮ್ಯಾಲ ಕುಂತು ಹುಕುಂ ಮಾಡ್ತಿದ್ದ. ಇಳಿಯೋವ್ರು ಊರ ಹೊರಗಿನ ಕೇರಿಯವ್ರು. ದೀಪದ ಲೆಕ್ಕ ತಪ್ಪಿ ಒಳಗ ಇಳದಾವ ಮ್ಯಾಲ ಬರದೇ ಹೋದದ್ದೂ ಆಗ್ಯದ, ನಮ್ಮವ್ವ ಹೇಳ್ತಿದ್ಳು. ಒಳಗಿಂದ ಬುಟ್ಟಿಲೆ ತುಂಬಿ ಕೊಟ್ರ ಮ್ಯಾಲ ಎಳಕೋತಿದ್ರು. ನಡುವಿಂದು ಬೆಳ್ಳನ ಜ್ವಾಳ, ಮನಿಗಿ. ಅಂಚಿಗಿ ಹತ್ತಿದ್ದು ಮುಗ್ಗಿ, ಕಪ್ಪಾಗಿ, ನಾರ್ತಿತ್ತು. ಅದು ಇಳದಾವನ ಕೂಲಿ. ಎಷ್ಟು ತೊಳದ್ರೂ ಆ ವಾಸನಿ ಹೋಗ್ತಿದ್ದಿಲ್ಲ, ರೊಟ್ಟಿ ಹರಿದು ಬಾಯಿಗಿ ಇಡೋದ್ರೊಳಗ ಮೂಗಿಗಿ ಹೊಡೀತಿತ್ತು.

ಸೊಸೆ: ನಿಮಗ ಹ್ಯಾಂಗ ಗೊತ್ತು ಆ ವಾಸನಿ?

ಅತ್ತೆ: ನಮಗೇನು ಗೌಡಕಿ ಇತ್ತಾ? ನಮ್ಮದು ಹೊಳಿದಂಡಿಯ ನಾಲ್ಕೆಕರೆ ಹೊಲ. ಬ್ಯಾಸಗಿ ಕಾಲಕ್ಕ ಕಾಳು ತೀರಿದ್ರ ಗೌಡರ ಹಗೇವಿನ್ಯಾಗಿಂದೇ ತರಬೇಕು. ಸವಾಯಿ ಅಂದ್ರ ನಾಲ್ಕು ಚೀಲಕ್ಕ ಐದು. ದೀಡಿ ಅಂದ್ರ ಎರಡಕ್ಕ ಮೂರು. ರಾಶಿ ಆದ ದಿನಾನೇ ಕಣಕ್ಕ ಬಂದು ಅಳಕೊಂಡು ಹೋಗ್ತಿದ್ರು.

ಸೊಸೆ: ಹಾಂಗಾದ್ರ ಅದನ್ನ ಯಾಕ ಹೊಗಳ್ತೀರಿ ಅತ್ತಿ? ನನಗ ಇದೇ ತಿಳಿಯವಲ್ದು. ಹಿಂದಿನ ಮಂದಿ ಜಾಣರಿದ್ರು, ಬರಕ್ಕಂತ ಕೂಡಿಡ್ತಿದ್ರು ಅಂತೀರಿ. ಕೂಡಿಟ್ಟಾವ ಒಬ್ಬ, ಬರ ಬಂದದ್ದು ಇನ್ನೊಬ್ಬಗ.

ಅತ್ತೆ: ಹೊಗಳ್ಲಿಲ್ಲ. ಇತ್ತು ಅಂದೆ. ಬಡ್ಡಿ ತಗೊಂಡ್ರೂ ಜ್ವಾಳ ಊರಾಗ ಇತ್ತು. ಈಗ ಬಡ್ಡಿನೂ ಅದ, ಜ್ವಾಳ ಊರಾಗಿಲ್ಲ.

ಸೊಸೆ: ರೇಶನ್ ಅಕ್ಕಿ ಬರ್ತದಲ್ರಿ. ಮುಗ್ಗಿದ ಜ್ವಾಳ ಈಗ ಯಾರೂ ತಿನ್ನೋದಿಲ್ಲ. ಅದು ಸಣ್ಣ ಮಾತಲ್ಲ.

ಅತ್ತೆ: ಸಣ್ಣದಲ್ಲ. ಒಪ್ಪಿದೆ.

ಸೊಸೆ: ಗೌಡನ ಮ್ಯಾಲೂ ಒಬ್ಬಾವ ಇದ್ದ, ಅದನ್ನೂ ಬರೀಬೇಕು. ಆಳಂದ, ಅಫಜಲಪುರ ಕಡಿ ಎಷ್ಟೋ ಊರು ಪಾಯಗಾ ಜಾಗೀರು ಇದ್ವು. ನಿಜಾಮನ ಬೀಗ ಮನೆತನದ ನವಾಬರದು. ಅವರು ಹೈದರಾಬಾದಿನ್ಯಾಗ ಅರಮನಿ ಕಟ್ಟಿಸ್ಕೊಂಡು ಇದ್ರು, ಇಲ್ಲಿ ಮುಖಾ ನೋಡಿದಾವ್ರಲ್ಲ. ಲೆಕ್ಕ ಇಡೋ ಪಟವಾರಿ ಬರಿಯೋದು ಉರ್ದು, ಮೋಡಿ. ರೈತನಿಗಿ ತನ್ನ ಹೊಲದ ಕಾಗದ ಓದ್ಲಿಕ್ಕೆ ಬರ್ತಿದ್ದಿಲ್ಲ. 1948ರ ಸೆಪ್ಟೆಂಬರ 17ಕ್ಕ ನಿಜಾಮನ ಆಳಿಕಿ ಮುಗೀತು. ಮರುವರ್ಷ 1949ಕ್ಕ ಜಾಗೀರು ರದ್ದಾದ್ವು. 1956ರ ನವೆಂಬರ 1ಕ್ಕ ನಾವು ಮೈಸೂರು ರಾಜ್ಯಕ್ಕ ಸೇರಿದ್ವಿ.

ಅತ್ತೆ: ನಮ್ಮವ್ವ ಅದನ್ನ ಗದ್ದಲದ ವರ್ಷ ಅಂತಿದ್ಳು. ರಜಾಕಾರರು ಬರ್ತಾರಂತ ಹುಡೇದ ಮ್ಯಾಲ ಕಾವಲು. ಗಡಿ ಸನೇದ ಮಂದಿ ಗಂಟು ಕಟಗೊಂಡು ಸೊಲ್ಲಾಪುರ ಕಡಿ ಹೋದ್ರು. ಆಮ್ಯಾಲ ಮಿಲಿಟ್ರಿ ಬಂದ ಮ್ಯಾಲ ಇತ್ಲಾಗಿನ ಮುಸಲ್ಮಾನರ ಮನಿಗಳಿಗಿ ಆದದ್ದೂ ಹೇಳ್ತಿದ್ಳು. ದನಿ ಸಣ್ಣ ಮಾಡಿ ಹೇಳ್ತಿದ್ಳು. ನಿಮ್ಮ ಪುಸ್ತಕದಾಗ ಒಂದೇ ಕಡೀದು ಇರ್ತದ.

ಸೊಸೆ: ಎರಡೂ ಬರೀತೀನಿ. ಹೆಡ್ಮಾಸ್ತರು ಬಿಟ್ರ.

ಅತ್ತೆ: ಅವರಿಗಿ ಕಡಕೋಳ ಮಡಿವಾಳಪ್ಪನ ಹೆಸರು ಹೇಳು, ಬಿಡ್ತಾರ. ಹುಟ್ಟಿದ್ದು ನಮ್ಮ ಅಫಜಲಪುರ ತಾಲ್ಲೂಕಿನ ಬಿದನೂರಾಗ, ನೆಲಿಗಿ ನಿಂತದ್ದು ನಿಮ್ಮ ಜೇವರ್ಗಿ ಸೀಮಿಯ ಕಡಕೋಳದಾಗ. ಅವನ ಶಿಷ್ಯ ಚೆನ್ನೂರ ಜಲಾಲಸಾಹೇಬ. ಇವತ್ತಿಗೂ ಭಜನಿ ಮ್ಯಾಳದಾಗ ಇಬ್ಬರ ಪದಾನೂ ಒಂದೇ ತಾಳಕ್ಕ ಹಾಡ್ತಾರ.

ಸೊಸೆ: ಹೇಳ್ತೀನ್ರಿ. ಕಡಕೋಳ ಈಗ ಯಡ್ರಾಮಿ ತಾಲ್ಲೂಕಿಗಿ ಬರ್ತದ. ಜೇವರ್ಗಿ ಒಡದು ಹೊಸಾ ತಾಲ್ಲೂಕು ಮಾಡ್ಯಾರ. ಹಳೆ ಜೇವರ್ಗಿ ಅಂದ್ರ ಅರಳಗುಂಡಗಿನೂ ಬಂತು, ಶರಣಬಸವಪ್ಪ ಹುಟ್ಟಿದ ಊರು. ಹಕ್ಕಿ ಕಥಿ ಬರೀಲಾ?

ಅತ್ತೆ: ಬರಿ. ಜ್ವಾಳ ಹಾಲ್ಗಾಳಿಗಿ ಬಂದಾಗ ಎಲ್ಲಾರೂ ಮಂಚಿಗಿ ಮ್ಯಾಲ ನಿಂತು ಕವಣಿಲೆ ಹಕ್ಕಿ ಹೊಡದ್ರ, ಶರಣಪ್ಪ ಕವಣಿ ಬಿಟ್ಟು ಗಡಿಗ್ಯಾಗ ನೀರು ತುಂಬಿಟ್ಟನಂತ. ತಿಂದ ಹಕ್ಕಿಗಿ ನೀರಡಕಿ ಆಗ್ತದಲ್ಲ. ರಾಶಿ ಮಾಡಿದ್ರ ಅವನ ಹೊಲದ್ದೇ ಹೆಚ್ಚು ಬಂತು.

ಸೊಸೆ: ನೀವು ನಂಬ್ತೀರಿ?

ಅತ್ತೆ: ಹೆಚ್ಚು ಬಂದದ್ದನ್ನ ನಾ ಅಳದಿಲ್ಲ. ಆದ್ರ ನಾ ಸಣ್ಣಾಕಿ ಇದ್ದಾಗ ಮಂಚಿಗಿ ಮ್ಯಾಲ ಕುಂತು ಹಕ್ಕಿ ಕಾದೀನಿ. ಹೊತ್ತು ಹೊಂಡೋ ಮೊದಲ ಹೋಗಬೇಕು, ಹೊತ್ತು ಮುಣುಗಿದ ಮ್ಯಾಲ ಬರಬೇಕು, ಕವಣಿ ಬೀಸಿ ಬೀಸಿ ರಟ್ಟಿ ಬೀಳ್ತಿದ್ವು. ಆ ಕಥಿ ಕಟ್ಟಿದಾವ್ರು ಹಕ್ಕಿ ಕಾದು ಕಾದು ಬ್ಯಾಸತ್ತಾವ್ರೇ ಇರಬೇಕು. ಅದೇನೇ ಇರ್ಲಿ, ಶರಣಪ್ಪನ ದಾಸೋಹ ಇವತ್ತೂ ನಡದದ. ಇನ್ನೊಬ್ಬರ ಹಗೇವು ಮುಚ್ಚಿದ್ದಾಗ ಅವನದು ತೆರದಿತ್ತು. ಮಂದಿ ಸುಮ್ಸುಮ್ನೆ ದೇವರು ಮಾಡಂಗಿಲ್ಲ.

ಸೊಸೆ: 72ರ ಬರದ್ದು ಹೇಳ್ರಿ. ನಿಮಗ ಆಗ ಹನ್ನೆರಡು ಹದಿಮೂರು.

ಅತ್ತೆ: ಸುತ್ತೂ ಬರ ಬಿದ್ದಿತ್ತು, ಮ್ಯಾಲಿಂದ ಮ್ಯಾಲ. ಎರಿನೂ ಎಷ್ಟಂತ ಹಿಡೀತದ, ಮ್ಯಾಲಿಂದು ಬಿದ್ರಲ್ಲ? ಹಗೇವು ಅವತ್ತೇ ಖಾಲಿ ಆದ್ವು. ಆಮ್ಯಾಲ ತುಂಬಲೇ ಇಲ್ಲ. ಸರ್ಕಾರದವ್ರು ಕೆಲಸ ತಗದ್ರು, ರಸ್ತಾಕ್ಕ ಖಡಿ ಒಡಿಯೋದು, ಹೊಲಕ್ಕ ಒಡ್ಡು ಹಾಕೋದು. ನಮ್ಮವ್ವ ಮಣ್ಣು ಹೊತ್ತಾಳ, ನಾನೂ ಹೊತ್ತೀನಿ. ಕೂಲಿಗಿ ಕೆಂಪ ಜ್ವಾಳ ಸಿಗ್ತಿತ್ತು, ಪರದೇಶದ್ದಂತ. ಬಡದ್ರ ರೊಟ್ಟಿ ಹರಕೋತಿತ್ತು, ಬಣ್ಣ ನೋಡಿ ತಮ್ಮ ಅಳತಿದ್ದ. ಆದ್ರ ಆ ಒಡ್ಡು ನೋಡು, ಇವತ್ತೂ ಅವ. ಮಳಿ ಬಂದ್ರ ಮಣ್ಣು ಹಳ್ಳಕ್ಕ ಹೋಗದಂಗ ಹಿಡೀತಾವ. ಬರದ ವರ್ಷ ಕಟ್ಟಿದ್ದು ಅಂತ ಯಾವ ಕಲ್ಲಿನ ಮ್ಯಾಲೂ ಬರದಿಲ್ಲ.

ಸೊಸೆ: ಊರ ನಕಾಶಿಯೊಳಗ ಆ ಒಡ್ಡು ತೋರಿಸ್ತೀನಿ. ಈಗ ಹೊಳಿ. ಭೀಮಾಶಂಕರದಾಗ ಹುಟ್ಟಿ 861 ಕಿಲೋಮೀಟರ್ ಹರಿದು ರಾಯಚೂರು ಜಿಲ್ಲಾದಾಗ ಕೃಷ್ಣಾಕ್ಕ ಸೇರ್ತದ. ನಮ್ಮೂರ ಮ್ಯಾಲ ಬಿದ್ದ ಮಳಿ ಅಮರ್ಜಾಕ್ಕ ಹೋಗ್ತದ. ಕೊರಳ್ಳಿ ಹತ್ರ ಅದಕ್ಕ ಡ್ಯಾಮ್ ಕಟ್ಯಾರ. ಅಲ್ಲಿಂದ ದೇವಲ ಗಾಣಗಾಪುರದಾಗ ಭೀಮಾಕ್ಕ ಕೂಡ್ತದ, ನಿಮ್ಮ ತಾಲ್ಲೂಕಿನ್ಯಾಗ. ಅಲ್ಲಿಂದ ನಮ್ಮ ಜೇವರ್ಗಿ ಅಂಚು ಹಿಡದು ಹರೀತದ. ನೀವು ತವರಿಂದ ಹೊಳಿ ಎದುರು ಬಂದೀರಿ, ನಾ ಇನ್ನೂ ಕೆಳಗಿಂದ ಬಂದೀನಿ.

ಅತ್ತೆ: ಗಾಣಗಾಪುರ ಸಂಗಮಕ್ಕ ಮರಾಠಿ ಮಂದಿ ಗುರುಚರಿತ್ರ ಹಿಡಕೊಂಡು ಬಸ್ಸು ಬಸ್ಸು ತುಂಬಿ ಬರ್ತಾರ. ದತ್ತನ ಪಾದುಕಾ ಅಲ್ಲಿ. ಅವರು ಮುಣುಗೋ ನೀರಿನ್ಯಾಗ ಅರ್ಧ ಆಳಂದದ್ದು ಅಂತ ಅವರಿಗಿ ಗೊತ್ತಿಲ್ಲ.

ಸೊಸೆ: ಉಳದದ್ದು ಮಹಾರಾಷ್ಟ್ರದವ್ರು ಬಿಟ್ರ ಬರ್ತದ. 1980ಕ್ಕ ಉಜನಿ ಡ್ಯಾಮ್ ಮುಗೀತು, ಸೊಲ್ಲಾಪುರ ಜಿಲ್ಲಾದಾಗ. ಅದಕ್ಕೂ ಮೊದಲ, 1976ಕ್ಕ, ಬಚಾವತ್ ಆಯೋಗದ ಕೊನೆ ತೀರ್ಪಿನ್ಯಾಗ ಭೀಮಾ ಮುಖ್ಯ ಹೊಳಿಯಿಂದ ಕರ್ನಾಟಕ ವರ್ಷಕ್ಕ 15 ಟಿಎಂಸಿಗಿಂತ ಹೆಚ್ಚು ಬಳಸಬಾರದು ಅಂತ ಆಗ್ಯದ.

ಅತ್ತೆ: ಟಿಎಂಸಿ ನನಗ ತಿಳಿಯಂಗಿಲ್ಲ. ನನಗ ತಿಳಿಯೋದು ಇಷ್ಟು. ನಾ ಸಣ್ಣಾಕಿ ಇದ್ದಾಗ ಹೊಳಿ ಬ್ಯಾಸಗಿಗಿ ಇಳೀತಿತ್ತು, ಒಣಗ್ತಿರಲಿಲ್ಲ. ನೀರು ಹಿಂದ ಸರದಂಗ ಉಸುಕಿನ್ಯಾಗ ಗುಣಿ ತಗದು ಸೌತಿ, ಕಲ್ಲಂಗಡಿ ಹಚ್ಚತಿದ್ವಿ. ಆ ಉಸುಕು ಯಾರ ಪಟ್ಟಾದಾಗೂ ಇರ್ಲಿಲ್ಲ. ಹೊಲ ಇಲ್ಲದಾವ್ರೂ ಹಚ್ಚತಿದ್ರು. ಈಗ ಮಾರ್ಚ ತಿಂಗಳಿಗೇ ನೀರಿರಂಗಿಲ್ಲ, ಉಸುಕಂತೂ ಟ್ರ್ಯಾಕ್ಟರ್ ತುಂಬಿ ಊರೂರಿಗಿ ಹೋಯ್ತು. ಮಳಿಗಾಲಕ್ಕ ಒಮ್ಮಿಗೇ ಬಿಟ್ರ ಮನಿತನಕ ಬರ್ತದ. 2020ರ ಅಕ್ಟೋಬರದಾಗ ಬಂದಿತ್ತಲ್ಲ, ನಮ್ಮ ತಮ್ಮ ಜೋಡು ಎತ್ತು ಬಿಚ್ಚಿ ಬಿಟ್ಟು ಮಾಳಿಗಿ ಮ್ಯಾಲ ಕುಂತಿದ್ದ. ತೊಗರಿ, ಹತ್ತಿ, ಕಬ್ಬು, ಎಲ್ಲಾ ನಾರಿ ಹೋಯ್ತು.

ಸೊಸೆ: ಸೊನ್ನ ಬ್ಯಾರೇಜಿನಿಂದ ನೀರು ಎತ್ತಿ ಅಫಜಲಪುರ ಕಡಿ ಹೊಲಕ್ಕ ಕೊಡ್ತಾರ ಈಗ. ಕಬ್ಬು ಬಂತು. ಇತ್ಲಾಗ ಭೂಸನೂರು, ಅತ್ಲಾಗ ಹವಳಗಾ, ಎರಡು ಕಡಿ ಸಕ್ಕರಿ ಕಾರ್ಖಾನಿ. ನಿಮ್ಮ ತಮ್ಮನ ಮಕ್ಕಳು ಮನಿ ಕಟ್ಟಿಸಿದ್ದು ಕಬ್ಬಿನ್ಯಾಗೇ.

ಅತ್ತೆ: ಹೌದು. ಕಟ್ಟಿಸ್ಲಿ. ಕಾರ್ಖಾನಿ ಬಿಲ್ಲಿಗಿ ಕಾದೂ ಕಾದಾರ.

ಸೊಸೆ: ನಮ್ಮ ತವರಿನ ಕಥಿ ಬ್ಯಾರೆ. ನಮ್ಮದು ಭೀಮಾ ನೀರಲ್ಲ, ಕೃಷ್ಣಾದ್ದು. 1982ಕ್ಕ ನಾರಾಯಣಪುರ ಡ್ಯಾಮ್ ಆಯ್ತು, ಅಲ್ಲಿಂದ ಎಡದಂಡಿ ಕಾಲುವೆ, ಅದಕ್ಕ ಜೇವರ್ಗಿ ಶಾಖಾ ಕಾಲುವೆ. ಕಾಲುವೆ ಬಂದಾಗ ನಮ್ಮಪ್ಪ ಪೂಜಿ ಮಾಡಿ ತೆಂಗಿನಕಾಯಿ ಒಡದಿದ್ನಂತ. ಮೊದಲಿನ ಊರುಗಳು ಹೆಚ್ಚು ಹಾಯಿಸಿ ಹಾಯಿಸಿ ಹೊಲ ಸವಳಾದ್ವು, ಮ್ಯಾಲ ಬೆಳ್ಳನ ಉಪ್ಪು ಕಾಣ್ತದ. ಕಡೀಕಿನ ಊರಿಗಿ ಗೇಟಿನ ಹತ್ರ ರಾತ್ರಿ ಕಾವಲು ಕಾದ್ರ ನೀರು. ನಮ್ಮದು ಕಡೀಕಿನ ಊರು.

ಅತ್ತೆ: ಎರಿ ನೀರು ಹಿಡಿಯೋ ಮಣ್ಣು. ಹಿಡಿಯೋದಕ್ಕ ಮತ್ತ ಮತ್ತ ಕುಡಿಸಿದ್ರ ಏನಾಗ್ತದ? ಅಷ್ಟೂ ಇಂಜಿನೀರರಿಗಿ ತಿಳೀಲಿಲ್ಲಾ?

ಸೊಸೆ: ತಿಳಿದಿತ್ತು. ಜ್ವಾಳ, ತೊಗರಿ, ಹತ್ತಿಯಂಥ ಬೆಳಿಗಿ ಅಂತನೇ ಕಾಲುವೆ ಮಾಡಿದ್ದು. ನೆಲ್ಲು ಹಚ್ಚಿದಾವ್ರು ರೈತರೇ. ನೆಲ್ಲಿನ್ಯಾಗ ರೊಕ್ಕ ಕಂಡ್ರ ಯಾರ್ ಬಿಡ್ತಾರ್ರಿ? ನೀವು ಎಲ್ಲಾದಕ್ಕೂ ಹೊರಗಿನವ್ರನ್ನ ಅಂತೀರಿ.

ಅತ್ತೆ: ಆಯ್ತವ್ವಾ. ಒಳಗಿನವ್ರನ್ನೂ ಬರಿ.

ಸೊಸೆ: ತೊಗರಿಗಿ ಬಂದ್ವಿ. ಕಲಬುರಗಿ ತೊಗರಿಬ್ಯಾಳಿಗಿ 2019ಕ್ಕ ಭೌಗೋಳಿಕ ಗುರುತು ಸಿಕ್ಕದ. ಬ್ಯಾರೆ ಕಡೀವ್ರು ನಮ್ಮ ಹೆಸರು ಹಚ್ಚಿ ಮಾರಂಗಿಲ್ಲ. ಮಕ್ಕಳಿಗಿ ಇದು ಛಲೋ ಅನಸ್ತದ.

ಅತ್ತೆ: ಛಲೋ ಅದ. ತೊಗರಿ ಮೊದಲ ಹೊಲದ ತುಂಬ ಇರ್ಲಿಲ್ಲ, ಅಕ್ಕಡಿ ಇರ್ತಿತ್ತು. ಹೆಸರು, ಉದ್ದು, ಸಜ್ಜಿ, ಎಳ್ಳು, ನಡುವ ಒಂದೊಂದು ಸಾಲು ತೊಗರಿ. ಹೆಸರು ಶ್ರಾವಣ-ಭಾದ್ರಪದಕ್ಕ ಮನಿಗಿ ಬರ್ತಿತ್ತು, ತೊಗರಿ ಎಳ್ಳಮಾಸಿ ದಾಟಿ. ಒಂದು ಹೋದ್ರ ಒಂದು. ಈಗ ಹತ್ತು ಎಕರೆ ಇದ್ರ ಹತ್ತೂ ತೊಗರಿ. 2022ಕ್ಕ ನೆಟೆ ರೋಗ ಬಂದಿತ್ತಲ್ಲ, ಹೂವು ಕಾಯಿ ಹಿಡದ ಗಿಡ ನಿಂತಲ್ಲೇ ಒಣಗಿದ್ವು. ಎರಡನೇ ಬೆಳಿನೇ ಇರ್ಲಿಲ್ಲ ಮನಿಗಿ ತರ್ಲಿಕ್ಕೆ.

ಸೊಸೆ: ಅಷ್ಟೂ ಹೊಲಕ್ಕ ತೊಗರಿ ಯಾಕ ಬಂತು ಹೇಳ್ಲಾ? ಜ್ವಾಳಕ್ಕ ಹೆಣ್ಣುಮಕ್ಕಳ ಕೈ ಬೇಕು. ಕಿತ್ತಬೇಕು, ಸಿವುಡು ಕಟ್ಟಬೇಕು, ತೆನಿ ಮುರೀಬೇಕು, ಬಣವಿ ಒಟ್ಟಬೇಕು. ತೊಗರಿಗಿ ಮಿಷನ್ ಬರ್ತದ, ಒಂದು ದಿನದಾಗ ಚೀಲ ತುಂಬತದ. ಇನ್ನ ಆ ಕೈ ಎಲ್ಲಿ ಅವ? ತಾಂಡಾದ ಅರ್ಧ ಮನಿ ಮುಂಬೈ, ಪುಣಾ. ಎತ್ತು ಹೋದ್ವು, ಎತ್ತು ಹೋದ ಮ್ಯಾಲ ಕಣಿಕಿ ಯಾರಿಗಿ ಬೇಕು? ಇದನ್ನ ಯಾರೂ ಒಬ್ಬರು ಮಾಡಲಿಲ್ಲ.

ಅತ್ತೆ: ಮತ್ತ ರೊಟ್ಟಿಗಿ ಜ್ವಾಳ ಸಂತ್ಯಾಗ ಕೊಳ್ಳೋದು. ಎರಿ ಹೊಲ ಇದ್ದಾವ್ರು ಜ್ವಾಳ ಕೊಳ್ಳೋದು! ನಮ್ಮವ್ವ ಇದ್ರ ನಗತಿದ್ಳು.

ಸೊಸೆ: ಅಳತಿದ್ಳೇನೋ.

ಅತ್ತೆ: ಇಲ್ಲ, ನಗತಿದ್ಳು. ಆಕಿಗಿ ಕಿತ್ತೋ ಕೆಲಸ ಗೊತ್ತಿತ್ತು.

(ಇಲ್ಲಿ ಇಬ್ಬರೂ ನಕ್ಕರು. ಜೋಳದ ಬುಡ ಹಿಡಿದು ಕೀಳುವ ಕೆಲಸ ಅಂಗೈ ಸುಲಿಯುತ್ತದೆ, ಸೊಂಟ ಮುರಿಯುತ್ತದೆ. ಸಾಂಪ್ರದಾಯಿಕ ಬೆಳೆ ಪದ್ಧತಿಯ ಗುಣಗಾನ ಮಾಡುವ ನಮ್ಮಂಥವರ ಲೇಖನಗಳಲ್ಲಿ ಆ ಅಂಗೈ ಬರುವುದಿಲ್ಲ.)

ಸೊಸೆ: ಕಡೀಕ ಹೊಸಾ ಕಾಲದ್ದು. 2012ಕ್ಕ ಸಂವಿಧಾನಕ್ಕ ತಿದ್ದುಪಡಿ ಆಗಿ 371(ಜೆ) ಬಂತು, ನಮ್ಮ ಮಕ್ಕಳಿಗಿ ಸೀಟು, ನೌಕರ್ಯಾಗ ಮೀಸಲು. ಅದಕ್ಕೂ ಮೊದಲ 2009ಕ್ಕ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, ಅದು ನಮ್ಮ ಆಳಂದ ತಾಲ್ಲೂಕಿನ ಕಡಗಂಚ್ಯಾಗೇ ಅದ. ಜೇವರ್ಗಿ ತಾಲ್ಲೂಕಿನ ನೇಲೋಗಿಯ ಧರ್ಮಸಿಂಗ್ ಅವರು 2004ಕ್ಕ ಮುಖ್ಯಮಂತ್ರಿ ಆದ್ರು. ಇಷ್ಟು ಸಾಕು.

ಅತ್ತೆ: ಕಡಗಂಚ್ಯಾಗ ಎಲ್ಲೆಲ್ಲಿಯ ಹುಡುಗರು ಬಂದಾರ. ನಮ್ಮೂರಿಂದ ಎಷ್ಟ್ ಮಂದಿ ಹೋಗ್ತಾರ?

ಸೊಸೆ: ಓದ್ಲಿಕ್ಕೆ? ನನಗ ಗೊತ್ತಿದ್ದಾವ್ರು ಇಬ್ಬರು. ಕೆಲಸಕ್ಕ ಹೆಚ್ಚು. ಅದಕ್ಕೇ ಇದನ್ನ ಬರೀಲಿಕತ್ತೀನಿ.

ಅತ್ತೆ: ಸಾಲಿ ಮುಂದಿನ ಬೈಲಿನ್ಯಾಗ ಮಳಿಗಾಲಕ್ಕ ನೆಲ ಕುಸದಿತ್ತಲ್ಲ, ಅದನ್ನ ಹಾಕಿಯೇನು?

ಸೊಸೆ: ಮುರಮು ತುಂಬಿಸ್ಯಾರಲ್ರಿ, ಅದೇನು ಹಾಕೋದು?

ಅತ್ತೆ: ಅದು ಹಗೇವು. ಮಾಲಿ ಗೌಡರದ್ದು. ಖಾಲಿ ಬಿಟ್ಟು ಬರೇ ಬಾಯಿ ಮುಚ್ಚಿದ್ರು, ನೀರು ಹೊಕ್ಕು ಒಳಗ ಬಿತ್ತು. ಅದೊಂದೇ ಅಲ್ಲ. ಹನುಮಪ್ಪನ ಗುಡಿ ಹಿಂದ ಎರಡು, ಅಗಸಿ ಒಳಗ ಬಲಕ್ಕ ಒಂದು, ಈಗ ಪಂಚಾಯ್ತಿ ನೀರಿನ ಟಾಕಿ ನಿಂತದಲ್ಲ, ಅದರ ಮಗ್ಗಲಕ್ಕ ಒಂದು.

ಸೊಸೆ: ತಡೀರಿ, ತಡೀರಿ. ಟಾಕಿ ಮಗ್ಗಲಕ್ಕಾ? ಅಲ್ಲಿ ಹುಡುಗರು ಕ್ರಿಕೆಟ್ ಆಡ್ತಾವ!

ಅತ್ತೆ: ಮತ್ತ? ಅದನ್ನ ಮೊದಲನೇ ಪುಟದಾಗ ಬರಿ. ಮಳಖೇಡ ಎರಡನೇದ್ದಕ್ಕ ಹೋಗ್ಲಿ.

ಸೊಸೆ: ಉಳದದ್ದು ಎಲ್ಲೆಲ್ಲಿ ಅವ? ಗೌಡರ ಮನ್ಯಾಗ ಕೇಳಿದ್ರ ಹೇಳ್ತಾರೇನು?

ಅತ್ತೆ: ಅವರಿಗಿ ಎಷ್ಟು ಚೀಲ ಹಿಡೀತಿತ್ತು ಅಂತ ಗೊತ್ತು. ಮ್ಯಾಲ ಈಗ ಏನದ ಅಂತ ಗೊತ್ತಿಲ್ಲ. ಕೇರ್ಯಾಗ ಮುದುಕಪ್ಪ ಇದ್ದಾನ, ಕೋಲು ಹಿಡದು ಅಡ್ಡಾಡ್ತಾನಲ್ಲ, ಹುಡುಗ ಇದ್ದಾಗ ಅವನನ್ನೇ ಇಳಸ್ತಿದ್ರು. ಮೈ ಸಣ್ಣ ಅಂತ. ಅವಗ ಒಂದೊಂದೂ ನೆಪ್ಪದ.

ಸೊಸೆ: ಕಾಕಾ ಅಂತ ಕರೀಲಾ, ಏನಂತ ಕರೀಲಿ?

ಅತ್ತೆ: ಮುತ್ಯಾ ಅನ್ನು. ಐತಾರ ಮುಂಜಾನಿ ಹೋಗು, ಆಮ್ಯಾಲ ದವಾಖಾನಿಗಿ ಹೋಗ್ತಾನ. ನಾಲ್ಕು ಹುಡುಗರನ್ನ ಕರಕೊಂಡು ಹೋಗು, ಅವ ತೋರಿಸಿದಲ್ಲಿ ಗೂಟ ಬಡೀಲಿ. ಕಿವಿ ಸ್ವಲ್ಪ ಮಂದ, ಜೋರಾಗಿ ಕೇಳಬೇಕು.